ಮೂವತ್ತು ದಾಟಿದ ಮಿಯಾಟಾ: ಸಸ್ಪೆನ್ಷನ್ ಬದಲಿಸಿ ಅಲೈನ್‌ಮೆಂಟ್ ಮಾಡುವುದು ಹೇಗೆ

ನಮ್ಮಲ್ಲಿ ಮಜ್ದಾ ಅಂದರೆ ನೆನಪಾಗುವುದು ಸ್ವರಾಜ್ ಮಜ್ದಾ ಮಿನಿಬಸ್ಸು. ಜಪಾನಿನ ಅದೇ ಮಜ್ದಾ 1989ರ ಫೆಬ್ರುವರಿಯಲ್ಲಿ ಶಿಕಾಗೋ ಆಟೊ ಷೋಗೆ ಎರಡೇ ಸೀಟಿನ, ಮೇಲ್ಛಾವಣಿ ಮಡಚಿಡಬಹುದಾದ ಪುಟ್ಟ ಸ್ಪೋರ್ಟ್ಸ್ ಕಾರೊಂದನ್ನು ತಂದಿತ್ತು. ಅಮೆರಿಕದಲ್ಲಿ ಅದರ ಹೆಸರು ಮಿಯಾಟಾ. ಯುರೋಪಿನಲ್ಲಿ ಎಂಎಕ್ಸ್-5, ಜಪಾನಿನಲ್ಲಿ ಯೂನೋಸ್ ರೋಡ್‌ಸ್ಟರ್. 1997ರವರೆಗೆ ಬಂದ ಈ ಮೊದಲ ತಲೆಮಾರಿನ ಕಾರುಗಳು 4 ಲಕ್ಷಕ್ಕೂ ಜಾಸ್ತಿ ತಯಾರಾದವು. ನಮ್ಮ ದೇಶದಲ್ಲಿ ಮಾರಾಟಕ್ಕೆ ಬರಲೇ ಇಲ್ಲ. ಆದರೆ ಕೆಲಸಕ್ಕೆಂದು ಅಮೆರಿಕಕ್ಕೋ ಇಂಗ್ಲೆಂಡಿಗೋ ಹೋದ ನಮ್ಮವರಿಗೆ, ಕಾರಿನ ಹುಚ್ಚಿದ್ದರೆ, ಕೈಗೆಟುಕುವ ಮೊದಲ ಸ್ಪೋರ್ಟ್ಸ್ ಕಾರು ಇದೇ.

ಈ ಬರಹ ಅಂಥವರಿಗೆ. ಊರಲ್ಲಿ ಬೇರೆ ಹಳೆ ಕಾರು ಇಟ್ಟುಕೊಂಡವರಿಗೂ ಅರ್ಧ ಭಾಗ ಉಪಯೋಗಕ್ಕೆ ಬರುತ್ತದೆ.

ಕಲಿಯುವವರಿಗೆ ಮಿಯಾಟಾ ಒಳ್ಳೆಯ ಕಾರು. ನಾಲ್ಕೂ ಚಕ್ರಕ್ಕೆ ಡಬಲ್ ವಿಶ್‌ಬೋನ್ ಸಸ್ಪೆನ್ಷನ್ ಇದೆ. ಅಂದರೆ ಪ್ರತಿ ಚಕ್ರವನ್ನೂ ಮೇಲೊಂದು ಕೆಳಗೊಂದು ತೋಳು ಹಿಡಿದಿರುತ್ತದೆ. ಕೆಳಗಿನ ತೋಳಿನ ಬುಡದಲ್ಲಿ ಎರಡೆರಡು ಕ್ಯಾಮ್ ಬೋಲ್ಟುಗಳು. ಅವನ್ನು ತಿರುಗಿಸಿದರೆ ಚಕ್ರದ ಕೋನ ಬದಲಾಗುತ್ತದೆ. ಬೇರೆ ಎಷ್ಟೋ ಕಾರುಗಳಲ್ಲಿ ಇಷ್ಟು ಹೊಂದಾಣಿಕೆ ಬೇಕಾದರೆ ಬಿಡಿಭಾಗವನ್ನೇ ಬೇರೆ ಕೊಳ್ಳಬೇಕು. ಇಲ್ಲಿ ಕಾರ್ಖಾನೆಯವರೇ ಕೊಟ್ಟುಬಿಟ್ಟಿದ್ದಾರೆ.

ದುಡ್ಡು ತೆಗೆಯುವ ಮುಂಚೆ

ಬಹಳ ಜನ ಮೊದಲು ಮಾಡುವ ಕೆಲಸ ಗಟ್ಟಿ ಸ್ಪ್ರಿಂಗ್ ಕೊಳ್ಳುವುದು. ನನ್ನ ಪ್ರಕಾರ ಅದು ಕೊನೆಗೆ ಮಾಡಬೇಕಾದ ಕೆಲಸ. ಮೂವತ್ತು ವರ್ಷ ಹಳೆಯ ಕಾರು ತಿರುವಿನಲ್ಲಿ ತೂಗಾಡುತ್ತಿದ್ದರೆ ಕಾರಣ ಸ್ಪ್ರಿಂಗ್ ಮೆತ್ತಗಿರುವುದಲ್ಲ. ತೋಳಿನ ಕೀಲಿನಲ್ಲಿರುವ ರಬ್ಬರ್ ಬುಶ್ ಸತ್ತಿರುತ್ತದೆ, ಶಾಕ್ ಅಬ್ಸಾರ್ಬರ್ ಸುಸ್ತಾಗಿರುತ್ತದೆ, ಅಲೈನ್‌ಮೆಂಟ್, ಅಂದರೆ ಚಕ್ರಗಳ ಕೋನದ ಹೊಂದಾಣಿಕೆ, ಎಲ್ಲೋ ಹೋಗಿರುತ್ತದೆ. ಇವನ್ನು ಹಾಗೇ ಬಿಟ್ಟು ಗಟ್ಟಿ ಸ್ಪ್ರಿಂಗ್ ಹಾಕಿದರೆ ಹಳೆ ಸಡಿಲಕ್ಕೆ ಹೊಸ ಕುಲುಕಾಟ ಸೇರುತ್ತದೆ, ಅಷ್ಟೇ.

ಹಾಗಾಗಿ ಮೊದಲು ತಪಾಸಣೆ. ಕಾರನ್ನು ಎತ್ತಿ ಸ್ಟ್ಯಾಂಡಿನ ಮೇಲೆ ಕೂರಿಸಿ. ಮುಂದೆ ಕ್ರಾಸ್‌ಮೆಂಬರ್ ಅನ್ನುವ ಅಡ್ಡ ಉಕ್ಕಿನ ತೊಲೆಯ ನಡುವೆ, ಹಿಂದೆ ಡಿಫರೆನ್ಷಿಯಲ್ ಕೆಳಗೆ ಜಾಕಿ ಇಡಬಹುದು. ಬರೀ ಜಾಕಿಯ ಮೇಲೆ ನಿಂತ ಕಾರಿನ ಕೆಳಗೆ ಒಂದು ಕ್ಷಣಕ್ಕೂ ತೂರಬೇಡಿ. ಚಕ್ರದ ಮೇಲೂ ಕೆಳಗೂ ಕೈಯಿಟ್ಟು ಅಲುಗಾಡಿಸಿ. ಟಕ್ ಟಕ್ ಅಂದರೆ ವೀಲ್ ಬೇರಿಂಗ್ ಇಲ್ಲವೇ ಬಾಲ್ ಜಾಯಿಂಟ್. ಎಡಬಲಕ್ಕೆ ಕೈಯಿಟ್ಟು ಅಲುಗಾಡಿಸಿದಾಗ ಸಡಿಲ ಅನಿಸಿದರೆ ಸ್ಟಿಯರಿಂಗನ್ನು ಚಕ್ರಕ್ಕೆ ಜೋಡಿಸುವ ಟೈ ರಾಡ್‌ನ ತುದಿಯನ್ನು ನೋಡಿ. ಟಾರ್ಚ್ ಹಿಡಿದು ಬುಶ್‌ಗಳ ರಬ್ಬರ್ ಬಿರುಕು ಬಿಟ್ಟಿದೆಯಾ ನೋಡಿ. ಶಾಕ್ ಅಬ್ಸಾರ್ಬರ್ ಮೈಮೇಲೆ ಎಣ್ಣೆ ಜಿನುಗಿದ್ದರೆ ಅದರ ಕಥೆ ಮುಗಿದಂತೆ. ಅದರ ಕಡ್ಡಿಯ ಮೇಲಿರುವ, ಚಕ್ರ ಪೂರ್ತಿ ಮೇಲೇರಿದಾಗ ಹೊಡೆತ ತಡೆಯುವ ಮೆತ್ತನೆಯ ತುಂಡು, ಅಂದರೆ ಬಂಪ್ ಸ್ಟಾಪ್, ಈ ವಯಸ್ಸಿನ ಕಾರುಗಳಲ್ಲಿ ಮುಟ್ಟಿದರೆ ಪುಡಿಯಾಗುವಷ್ಟು ಹಾಳಾಗಿರುವುದು ಮಾಮೂಲು. ಸಣ್ಣ ಸಾಮಾನು ಅಂತ ಬಿಡಬೇಡಿ. ಮೊದಲ ತಲೆಮಾರಿನ ಮಿಯಾಟಾದಲ್ಲಿ ಚಕ್ರ ಮೇಲೇರಲು ಇರುವ ಜಾಗವೇ ಕಡಿಮೆ. ಹೊಂಡ ಬಂದಾಗಲೆಲ್ಲ ಕಾರು ನಿಲ್ಲುವುದು ಈ ಬಂಪ್ ಸ್ಟಾಪ್ ಮೇಲೆಯೇ.

ಏನು ಕೊಳ್ಳಬೇಕು

ಶಾಕ್ ಅಬ್ಸಾರ್ಬರ್‌ನಲ್ಲಿ ಎರಡು ಹೆಸರು ಪದೇ ಪದೇ ಕೇಳುತ್ತವೆ: ಬಿಲ್‌ಸ್ಟೀನ್ ಮತ್ತು ಕೋನಿ. ಬಿಲ್‌ಸ್ಟೀನ್ ಗ್ಯಾಸ್ ತುಂಬಿದ ಮಾನೊಟ್ಯೂಬ್, ಅಂದರೆ ಒಂದೇ ಕೊಳವೆಯದು. ಹಾಕಿ ಮರೆತುಬಿಡಬಹುದು. ಹಳದಿ ಬಣ್ಣದ ಕೋನಿಯಲ್ಲಿ ಗಟ್ಟಿತನವನ್ನು ಮೇಲಿನಿಂದ ತಿರುಗಿಸಿ ಹೊಂದಿಸಬಹುದು. ಆದರೆ ಅದು ಬದಲಿಸುವುದು ಸ್ಪ್ರಿಂಗ್ ವಾಪಸ್ ಚಾಚುವಾಗಿನ ತಡೆಯನ್ನು ಮಾತ್ರ. ರಸ್ತೆಗಷ್ಟೇ ಓಡಿಸುವವರು ಮೆತ್ತನೆಯ ತುದಿಯಿಂದ ಶುರುಮಾಡಿ ಸ್ವಲ್ಪ ಸ್ವಲ್ಪವೇ ಏರಿಸಿ.

ಎರಡನೇ ತಲೆಮಾರಿನ ಮಿಯಾಟಾದ ಶಾಕ್ ಅಬ್ಸಾರ್ಬರ್ ಮೇಲ್ತುದಿಯನ್ನು ಹಿಡಿಯುವ ಮೌಂಟ್‌ಗಳನ್ನು ಹಳೆಯದಕ್ಕೆ ಹಾಕುವ ಉಪಾಯವೂ ಇದೆ. ಚಕ್ರಕ್ಕೆ ಮೇಲೇರಲು ಇನ್ನಷ್ಟು ಜಾಗ ಸಿಗುತ್ತದೆ. ಕೊಟ್ಟ ದುಡ್ಡಿಗೆ ಇದರಷ್ಟು ಲಾಭ ಕೊಡುವ ಬದಲಾವಣೆ ಈ ಕಾರಿನಲ್ಲಿ ಕಡಿಮೆ.

ಬುಶ್‌ನಲ್ಲಿ ರಬ್ಬರೋ ಪಾಲಿಯುರಿಥೇನೋ ಅನ್ನುವ ಜಗಳ ಮುಗಿಯುವಂಥದ್ದಲ್ಲ. ಪಾಲಿ ಗಟ್ಟಿ, ಚುರುಕು. ಗ್ರೀಸ್ ಸರಿಯಾಗಿ ಹಚ್ಚದಿದ್ದರೆ ಕಿರ್ರ್ ಅನ್ನುತ್ತದೆ. ದಿನಬಳಕೆಯ ಕಾರಿಗೆ ನನ್ನ ಮತ ಹೊಸ ರಬ್ಬರಿಗೆ. ಕಾರನ್ನು ತಗ್ಗಿಸುವ ಆಸೆ ಇದ್ದರೂ ಮಿತಿ ಇರಲಿ. ಚಕ್ರದ ನಡುಬಿಂದುವಿನಿಂದ ಮಡ್‌ಗಾರ್ಡ್ ಅಂಚಿಗೆ ಅಳೆದಾಗ ಮುಂದೆ ಸುಮಾರು 320 ಮಿ.ಮೀ.ಗಿಂತ ಕೆಳಗಿಳಿಸಿದರೆ ಕಾರು ಬಂಪ್ ಸ್ಟಾಪ್ ಮೇಲೆಯೇ ಕೂತು ಓಡಾಡುತ್ತದೆ. ನೋಡಲು ಚೆಂದ, ಓಡಿಸಲು ಹಿಂಸೆ.

ಬಿಚ್ಚುವುದು

ಕೆಲಸದ ಒಂದೆರಡು ದಿನ ಮೊದಲೇ ಎಲ್ಲ ಬೋಲ್ಟಿಗೂ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಿ. ಕ್ಯಾಲಿಫೋರ್ನಿಯಾದ ಕಾರಾದರೆ ಅದೃಷ್ಟ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ಮಿಷಿಗನ್, ಓಹಾಯೊ ಕಡೆಯ ಕಾರಾದರೆ ಹಿಂದಿನ ಕೆಳತೋಳಿನ ಉದ್ದ ಬೋಲ್ಟು ಬುಶ್‌ನ ಒಳಗಿನ ಕೊಳವೆಗೆ ಕಚ್ಚಿಕೊಂಡಿರುತ್ತದೆ. ಆ ಬೋಲ್ಟು ಹೊಸದು ತರಿಸಿಟ್ಟುಕೊಂಡೇ ಶುರುಮಾಡುವುದು ಜಾಣತನ.

ಕ್ಯಾಮ್ ಬೋಲ್ಟನ್ನು ಮುಟ್ಟುವ ಮುಂಚೆ ಅದು ಈಗಿರುವ ಜಾಗಕ್ಕೆ ಪೇಂಟಿನಿಂದ ಗುರುತು ಹಾಕಿ. ಕೆಲಸ ಮುಗಿದ ಮೇಲೆ ಕಾರು ಅಲೈನ್‌ಮೆಂಟ್ ಮಾಡುವ ಕಡೆಗೆ ನೆಟ್ಟಗೆ ಹೋಗಬೇಕಲ್ವಾ?

ಶಾಕ್ ಅಬ್ಸಾರ್ಬರ್ ತೆಗೆಯುವುದು ಕಷ್ಟವೇನಲ್ಲ. ತಿರುವಿನಲ್ಲಿ ಕಾರು ವಾಲದಂತೆ ತಡೆಯುವ ಆಂಟಿರೋಲ್ ಬಾರಿನ ಲಿಂಕ್ ಬಿಚ್ಚಿ, ಕೆಳಗಿನ ಬೋಲ್ಟು ತೆಗೆದು, ಮೇಲಿನ ಎರಡು ನಟ್ಟು ಬಿಚ್ಚಿ. ಮುಂದುಗಡೆ ಜಾಗ ಸಾಲುವುದಿಲ್ಲ. ಕೆಳಗಿನ ಬಾಲ್ ಜಾಯಿಂಟನ್ನು ತೋಳಿನಿಂದ ಬಿಡಿಸಿದರೆ ತೋಳು ಕೆಳಗಿಳಿದು ದಾರಿ ಬಿಡುತ್ತದೆ. ಆಗ ಬ್ರೇಕ್ ಹೋಸ್ ಮೇಲೆ ಭಾರ ಬೀಳದ ಹಾಗೆ ಹಬ್ ಅನ್ನು (ಚಕ್ರ ಕೂರುವ ನಡುಭಾಗವನ್ನು) ತಂತಿಯಿಂದ ಕಟ್ಟಿ.

ಹುಷಾರಾಗಿರಬೇಕಾದ್ದು ಶಾಕ್ ಅಬ್ಸಾರ್ಬರ್ ಸುತ್ತ ಕೂತ ಸ್ಪ್ರಿಂಗ್ ಬಿಡಿಸುವಾಗ. ಸ್ಪ್ರಿಂಗನ್ನು ಅದುಮಿ ಹಿಡಿಯುವ ಕಂಪ್ರೆಸರ್‌ನ ಎರಡು ಕೊಕ್ಕೆಗಳನ್ನು ಸ್ಪ್ರಿಂಗಿನ ಎದುರುಬದುರು ಹಾಕಿ, ಒಂದಿಷ್ಟು ಇದನ್ನು, ಒಂದಿಷ್ಟು ಅದನ್ನು ಬಿಗಿಯುತ್ತಾ ಹೋಗಿ. ಸ್ಪ್ರಿಂಗ್ ಪೂರ್ತಿ ಸಡಿಲವಾಗಿ ಕೈಗೆ ಅಲುಗಾಡುವವರೆಗೂ ಮೇಲಿನ ನಟ್ಟಿಗೆ ಕೈ ಹಾಕಬೇಡಿ. ಮುಖ, ಎದೆ ಅದರ ನೇರಕ್ಕೆ ಬರಬಾರದು. ಧೈರ್ಯ ಬರದಿದ್ದರೆ ಈ ಒಂದು ಕೆಲಸವನ್ನು ಗ್ಯಾರೇಜಿಗೆ ಕೊಡಿ. ನಾಚಿಕೆಪಡುವಂಥದ್ದೇನಿಲ್ಲ.

ಬಿಚ್ಚಿದ ವಾಷರ್, ರಬ್ಬರ್, ಪ್ಲೇಟ್ ಎಲ್ಲವನ್ನೂ ಬಂದ ಕ್ರಮದಲ್ಲೇ ನೆಲದ ಮೇಲೆ ಜೋಡಿಸಿ ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ.

ಬಿಗಿಯುವುದರಲ್ಲಿದೆ ಗುಟ್ಟು

ಕೂರಿಸುವುದು ಬಿಚ್ಚಿದ್ದರ ಉಲ್ಟಾ. ಆದರೆ ಒಂದು ವಿಷಯದಲ್ಲಿ ಅಲ್ಲ, ಗ್ಯಾರೇಜಿನವರೂ ಅವಸರದಲ್ಲಿ ತಪ್ಪಿಸುವ ವಿಷಯ ಅದು. ಕಾರು ಮೇಲಿದ್ದಾಗ ತೋಳುಗಳ ಬೋಲ್ಟನ್ನು ಪೂರ್ತಿ ಬಿಗಿಯಬೇಡಿ. ಕೈಯಲ್ಲಿ ಆಗುವಷ್ಟು ಬಿಗಿದು ಬಿಡಿ.

ಯಾಕೆ? ಕಾರ್ಖಾನೆಯ ರಬ್ಬರ್ ಬುಶ್ ಬೇರಿಂಗಿನ ಹಾಗೆ ಸುತ್ತುವುದಿಲ್ಲ. ಒಳಗಿನ ಕೊಳವೆಗೂ ಹೊರಗಿನ ಕೊಳವೆಗೂ ರಬ್ಬರ್ ಅಂಟಿಕೊಂಡಿರುತ್ತದೆ. ತೋಳು ಆಡಿದಾಗ ಅದು ತಿರುಚಿಕೊಳ್ಳುತ್ತದೆ. ಚಕ್ರ ಜೋತುಬಿದ್ದಾಗ ಬೋಲ್ಟು ಬಿಗಿದರೆ ಆ ಭಂಗಿಯೇ ರಬ್ಬರಿಗೆ ವಿಶ್ರಾಂತಿಯ ಭಂಗಿ ಆಗುತ್ತದೆ. ಆಮೇಲೆ ಕಾರನ್ನು ನೆಲಕ್ಕಿಳಿಸಿದಾಗ ನಿಂತಲ್ಲೇ ಅದು ತಿರುಚಿಕೊಂಡಿರುತ್ತದೆ. ಕಾರು ಇರಬೇಕಾದ್ದಕ್ಕಿಂತ ಎತ್ತರಕ್ಕೆ ನಿಲ್ಲುತ್ತದೆ, ಹೊಸ ಬುಶ್ ಬೇಗ ಹರಿಯುತ್ತದೆ.

ಹಾಗಾಗಿ ಚಕ್ರಗಳನ್ನು ಹಾಕಿ, ನಾಲ್ಕರ ಕೆಳಗೂ ಒಂದೇ ಎತ್ತರದ ಗಟ್ಟಿ ಮರದ ದಿಮ್ಮಿ ಇಟ್ಟು ಕಾರನ್ನು ಇಳಿಸಿ. ಕೆಳಗೆ ಕೈ ಹೋಗುವಷ್ಟು ಜಾಗ ಸಿಗುತ್ತದೆ. ನಾಲ್ಕೂ ಮೂಲೆಯನ್ನು ಒತ್ತಿ ಒತ್ತಿ ಬಿಡಿ, ಸ್ಪ್ರಿಂಗ್ ತನ್ನ ಜಾಗಕ್ಕೆ ಕೂರಲಿ. ಆಮೇಲೆ ಟಾರ್ಕ್ ವ್ರೆಂಚಿನಿಂದ ಬಿಗಿಯಿರಿ. ಯಾವ ಬೋಲ್ಟಿಗೆ ಎಷ್ಟು ಅನ್ನುವುದಕ್ಕೆ ಕಂಪನಿಯ ವರ್ಕ್‌ಶಾಪ್ ಮ್ಯಾನ್ಯುಯಲ್ ನೋಡಿ, ನೆನಪಿನ ಮೇಲೆ ಬಿಗಿಯಬೇಡಿ. ಚಕ್ರದ ನಟ್ಟಿಗೆ 90ರಿಂದ 118 ನ್ಯೂಟನ್-ಮೀಟರ್.

ಅಲೈನ್‌ಮೆಂಟ್

ಮೂರು ಅಳತೆಗಳು ಗೊತ್ತಿರಬೇಕು. ಎದುರಿನಿಂದ ನೋಡಿದಾಗ ಚಕ್ರದ ತಲೆ ಒಳಗೆ ವಾಲಿದ್ದರೆ ಅದು ನೆಗೆಟಿವ್ ಕ್ಯಾಂಬರ್. ಮೇಲಿನಿಂದ ನೋಡಿದಾಗ ಎರಡು ಚಕ್ರದ ಮುಂಭಾಗ ಒಂದಕ್ಕೊಂದು ಹತ್ತಿರವಿದ್ದರೆ ಟೋ-ಇನ್, ದೂರವಿದ್ದರೆ ಟೋ-ಔಟ್. ಚಕ್ರ ಯಾವ ಅಕ್ಷದ ಮೇಲೆ ತಿರುಗುತ್ತದೋ ಅದರ ಮೇಲ್ತುದಿ ಹಿಂದಕ್ಕೆ ಎಷ್ಟು ವಾಲಿದೆ ಅನ್ನುವುದು ಕ್ಯಾಸ್ಟರ್. ತಿರುವು ಮುಗಿದ ಮೇಲೆ ಸ್ಟಿಯರಿಂಗ್ ತಾನಾಗಿ ನೆಟ್ಟಗಾಗುವುದು ಮುಖ್ಯವಾಗಿ ಈ ಕ್ಯಾಸ್ಟರಿನಿಂದ.

ರಸ್ತೆಯ ಮಿಯಾಟಾಗೆ ಒಪ್ಪುವ ಲೆಕ್ಕ ಹೀಗಿದೆ. ಮುಂದೆ ಕ್ಯಾಂಬರ್ ಮೈನಸ್ 1 ಡಿಗ್ರಿ, ಕ್ಯಾಸ್ಟರ್ 5 ಡಿಗ್ರಿಯ ಆಸುಪಾಸು, ಟೋ ಸೊನ್ನೆಯಿಂದ 1.5 ಮಿ.ಮೀ. ಒಳಕ್ಕೆ. ಹಿಂದೆ ಕ್ಯಾಂಬರ್ ಮೈನಸ್ 1.5 ಡಿಗ್ರಿ, ಟೋ ಸುಮಾರು 1.5 ಮಿ.ಮೀ. ಒಳಕ್ಕೆ. ಟೋ ಅಂಕಿ ಎರಡೂ ಚಕ್ರದ್ದು ಸೇರಿ. ಹಿಂದೆ ಟೋ-ಔಟ್ ಮಾತ್ರ ಬೇಡವೇ ಬೇಡ. ತಿರುವಿನ ನಡುವೆ ಆಕ್ಸಿಲರೇಟರ್ ಬಿಟ್ಟರೆ ಹಿಂಭಾಗ ಜಾರಿಕೊಂಡು ಮುಂದೆ ಬರುತ್ತದೆ.

ಅಳೆಯುವ ಮುಂಚೆ ನೆಲ ಸಮವಾಗಿದೆಯಾ ನೋಡಿ, ಟೈರಿಗೆ 26 ಪಿಎಸ್‌ಐ ಗಾಳಿ ತುಂಬಿ. ಡ್ರೈವರ್ ಸೀಟಿನಲ್ಲಿ ನಿಮ್ಮಷ್ಟೇ ತೂಕದ ಮೂಟೆ ಇಡಿ. ಸುಮಾರು ಒಂದು ಟನ್ ಅಷ್ಟೇ ತೂಗುವ ಕಾರು ಇದು, ಒಬ್ಬರ ಭಾರಕ್ಕೂ ಅಳತೆ ಬದಲಾಗುತ್ತದೆ. ಚಕ್ರ ಸಲೀಸಾಗಿ ಸರಿಯಲಿ ಅಂತ ಪ್ರತಿ ಟೈರಿನ ಕೆಳಗೆ ಎರಡು ಪ್ಲಾಸ್ಟಿಕ್ ಹಾಳೆ ಹಾಕಿ, ನಡುವೆ ಸ್ವಲ್ಪ ಗ್ರೀಸ್ ಸವರಿ.

ಹಿಂದಿನ ಚಕ್ರದಿಂದ ಶುರುಮಾಡಿ. ಕಾರು ಯಾವ ಕಡೆ ಮುಖ ಮಾಡಿ ಓಡಬೇಕು ಅನ್ನುವುದನ್ನು ತೀರ್ಮಾನಿಸುವುದು ಅವು. ಹಿಂದಿನ ಎರಡು ಕ್ಯಾಮನ್ನೂ ಒಟ್ಟಿಗೆ ಸರಿಸಿದರೆ ಕ್ಯಾಂಬರ್, ಒಂದನ್ನೇ ಸರಿಸಿದರೆ ಟೋ ಬದಲಾಗುತ್ತದೆ. ಮುಂದುಗಡೆ ಎರಡನ್ನೂ ಒಂದೇ ದಿಕ್ಕಿಗೆ ಸರಿಸಿದರೆ ಕ್ಯಾಂಬರ್, ವಿರುದ್ಧ ದಿಕ್ಕಿಗೆ ಸರಿಸಿದರೆ ಕ್ಯಾಸ್ಟರ್. ಮುಂದಿನ ಟೋ ಟೈ ರಾಡಿನಲ್ಲಿ, ಅದು ಯಾವಾಗಲೂ ಕಟ್ಟಕಡೆಗೆ. ಕ್ಯಾಂಬರ್ ಮುಟ್ಟಿದಾಗಲೆಲ್ಲ ಟೋ ಕೆಡುತ್ತದೆ.

ಕ್ಯಾಂಬರಿಗೆ ಒಂದು ಡಿಜಿಟಲ್ ಕೋನಮಾಪಕ ಸಾಕು. ಕ್ಯಾಸ್ಟರಿಗೆ ಚಕ್ರವನ್ನು 20 ಡಿಗ್ರಿ ಎಡಕ್ಕೆ, ಆಮೇಲೆ 20 ಡಿಗ್ರಿ ಬಲಕ್ಕೆ ತಿರುಗಿಸಿ ಎರಡೂ ಸಲ ಕ್ಯಾಂಬರ್ ಬರೆದುಕೊಳ್ಳಿ. ವ್ಯತ್ಯಾಸವನ್ನು ಹೆಚ್ಚುಕಡಿಮೆ ಒಂದೂವರೆಯಿಂದ ಗುಣಿಸಿದರೆ ಕ್ಯಾಸ್ಟರ್.

ಟೋಗೆ ದಾರ ಕಟ್ಟುವ ಹಳೆ ಪದ್ಧತಿ ಈಗಲೂ ಚೆನ್ನಾಗಿ ನಡೆಯುತ್ತದೆ. ಕಾರಿನ ಎರಡೂ ಬದಿಗೆ ಹಬ್ ಎತ್ತರದಲ್ಲಿ ಒಂದಕ್ಕೊಂದು ಸಮಾನಾಂತರವಾಗಿ ದಾರ ಕಟ್ಟಿ. ಎಡ ದಾರಕ್ಕೂ ಎಡ ಹಬ್ಬಿಗೂ ಇರುವ ಅಂತರ ಬಲಗಡೆಯದಕ್ಕೆ ಸಮ ಇರಬೇಕು. ಮುಂದೆ-ಹಿಂದೆ ಮಾತ್ರ ಸಮ ಇರುವುದಿಲ್ಲ. ಈ ಕಾರಿನ ಹಿಂದಿನ ಚಕ್ರಗಳು ಮುಂದಿನವಕ್ಕಿಂತ ಒಂದೆರಡು ಸೆಂ.ಮೀ. ಅಗಲಕ್ಕೆ ನಿಂತಿವೆ. ಆಮೇಲೆ ಉಕ್ಕಿನ ಸ್ಕೇಲಿನಿಂದ ರಿಮ್ಮಿನ ಮುಂದಿನ ಅಂಚು, ಹಿಂದಿನ ಅಂಚು ದಾರಕ್ಕೆ ಎಷ್ಟು ದೂರ ಅಂತ ಅಳೆಯಿರಿ. ವ್ಯತ್ಯಾಸವೇ ಆ ಚಕ್ರದ ಟೋ. ಟೈ ರಾಡನ್ನು ಎರಡೂ ಕಡೆ ಸಮನಾಗಿ ತಿರುಗಿಸಿ, ಇಲ್ಲದಿದ್ದರೆ ಸ್ಟಿಯರಿಂಗ್ ಸೊಟ್ಟ ನಿಲ್ಲುತ್ತದೆ. ಕ್ಯಾಮ್ ನಟ್ಟು ಬಿಗಿಯುವಾಗಲೇ ಕೋನ ಚೂರು ಜರುಗುವುದುಂಟು. ಬಿಗಿದ ಮೇಲೆ ಕಾರನ್ನು ಸ್ವಲ್ಪ ಉರುಳಿಸಿ ಮತ್ತೆ ಅಳೆಯಿರಿ.

ಇಷ್ಟೆಲ್ಲ ಬೇಡ, ಅಂಗಡಿಗೇ ಹೋಗುತ್ತೇನೆ ಅಂದರೆ ಅದೂ ಸರಿ. ಬೇಕಾದ ಅಂಕಿಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಪರದೆಯ ಮೇಲೆ ಹಸಿರು ಬಂದರೆ ಆಯಿತು ಅನ್ನುವವರ ಮಾತಿಗೆ ಸುಮ್ನೆ ತಲೆಯಾಡಿಸಬೇಡಿ. ಕಂಪನಿ ಕೊಟ್ಟ ಮಿತಿ ತುಂಬ ಅಗಲ. ಎಡಕ್ಕೆ ಅದರ ಒಂದು ತುದಿ, ಬಲಕ್ಕೆ ಇನ್ನೊಂದು ತುದಿ ಇದ್ದರೂ ಯಂತ್ರ ಹಸಿರೇ ತೋರಿಸುತ್ತದೆ. ಮೊದಲಿನ ಮತ್ತು ನಂತರದ ಅಳತೆಯ ಪ್ರಿಂಟ್ ಕೇಳಿ ಪಡೆಯಿರಿ.

ಓಡಿಸಿ ನೋಡಿದಾಗ ಕಾರು ಒಂದು ಕಡೆಗೆ ಎಳೆದರೆ ಮೊದಲು ಮುಂದಿನ ಎರಡು ಚಕ್ರಗಳನ್ನು ಅದಲುಬದಲು ಮಾಡಿ. ಎಳೆತ ದಿಕ್ಕು ಬದಲಿಸಿದರೆ ತಪ್ಪು ಟೈರಿನದು. ಬದಲಿಸದಿದ್ದರೆ ಎಡಬಲದ ಕ್ಯಾಸ್ಟರ್, ಕ್ಯಾಂಬರ್ ಹೋಲಿಸಿ. ಹೆದ್ದಾರಿಯಲ್ಲಿ ಸ್ಟಿಯರಿಂಗ್ ಚಡಪಡಿಸಿದರೆ ಮುಂದೆ ಟೋ-ಔಟ್ ಆಗಿದೆಯಾ ನೋಡಿ. ಕೆಲವು ನೂರು ಕಿ.ಮೀ. ಓಡಿದ ಮೇಲೆ ಎಲ್ಲ ಬೋಲ್ಟಿನ ಬಿಗಿ, ಟೋ ಎರಡನ್ನೂ ಇನ್ನೊಮ್ಮೆ ಪರೀಕ್ಷಿಸಿ. ಟೈರಿನ ಒಳ ಅಂಚು ಬೇಗ ಸವೆಯುತ್ತಿದ್ದರೆ ಎಲ್ಲರೂ ಕ್ಯಾಂಬರನ್ನು ಬೈಯುತ್ತಾರೆ. ಒಂದು, ಒಂದೂವರೆ ಡಿಗ್ರಿಗೆಲ್ಲ ಟೈರು ಅಷ್ಟು ಬೇಗ ಸವೆಯುವುದಿಲ್ಲ. ಆಗ ಮೊದಲು ಅಳೆಯಬೇಕಾದ್ದು ಟೋ.