ಒಂದೆಲಗಕ್ಕೆ ಅಗಲ ಕುಂಡ, ಅರೆ ನೆರಳು

ಒಂದೆಲಗ ನಮ್ಮ ಗದ್ದೆ ಬದುವಿನ ಗಿಡ. ಕುಂಡದಲ್ಲೂ ಸೊಗಸಾಗಿ ಬರುತ್ತದೆ. ಬೀಜ ಹುಡುಕಬೇಡಿ. ಸೊಪ್ಪಿನ ಕಟ್ಟಿನಲ್ಲೇ ಬೇರಿರುವ ಬಳ್ಳಿ ಆರಿಸಿಕೊಳ್ಳಿ. ಗೆಣ್ಣಿನ ಕೆಳಗೆ ಬಿಳಿ ದಾರದಂಥ ಬೇರು ಕಾಣುತ್ತದೆ, ಆ ಗೆಣ್ಣನ್ನೇ ಒದ್ದೆ ಮಣ್ಣಿಗೆ ಒತ್ತಿ. ಕುಂಡ ಆಳ ಬೇಡ, ಅಗಲ ಇರಲಿ. ಹರಡುವ ಬಳ್ಳಿ ಅಲ್ವಾ! ತಳ ತೂತು ಮಾಡಿದ ಹಳೆ ಟಬ್ ಸಾಕು.

ನಾನು ಮೊದಲು ತಾರಸಿಯ ಸುಡುಬಿಸಿಲಿಗೆ ಇಟ್ಟಿದ್ದೆ. ಎಲೆ ಚಿಕ್ಕದಾಗಿ ಕೆಂಪಗಾಯಿತು. ಈಗ ಹಿತ್ತಲ ನಲ್ಲಿ ಪಕ್ಕ, ಅರೆ ನೆರಳಲ್ಲಿದೆ. ಎಲೆ ರೂಪಾಯಿ ನಾಣ್ಯಕ್ಕಿಂತ ಅಗಲ! ಸೋಪಿನ ನೀರು ಮಾತ್ರ ಬೀಳದಂತೆ ನೋಡಿಕೊಳ್ಳಿ.

ಬೇರು ಸಮೇತ ಕೀಳಬೇಡಿ, ತೊಟ್ಟು ಕತ್ತರಿಸಿ. ತಂಬುಳಿಗೆ ಒಂದು ಹಿಡಿ ಸಾಕು. ಚರಂಡಿ ಪಕ್ಕ ಬೆಳೆದದ್ದನ್ನು ದಯವಿಟ್ಟು ತಿನ್ನಬೇಡಿ.