ಎರಡು ಡಿಸ್ಕ್, ಒಂದು ಪ್ಲೇಟ್: ಎನ್‌ಡಿಎಂ ಕ್ಲೆಬ್ಸಿಯೆಲ್ಲಾ ಜೊತೆ ನನ್ನ ಅನುಭವ

ಎಂಡಿ ಮೆಡಿಸಿನ್ ಮುಗಿಸಿ ಸೋಂಕು ರೋಗಗಳ ಕಡೆ ಹೊರಟಾಗ ಜೊತೆಯವರು ಹೇಳಿದ್ದು ಒಂದೇ ಮಾತು: "ಅದ್ರಲ್ಲಿ ಸ್ಟೆಂಟ್ ಇಲ್ಲ, ಸ್ಕೋಪ್ ಇಲ್ಲ, ದುಡ್ಡು ಎಲ್ಲಿಂದ ಬರುತ್ತೆ ಮಾರಾಯ?" ಶಿವಮೊಗ್ಗದಲ್ಲಿ ಮೊದಲ ಎರಡು ಮೂರು ವರ್ಷ ಅವರು ಹೇಳಿದ ಹಾಗೇ ಆಯ್ತು. ಐಸಿಯು ಕನ್ಸಲ್ಟ್‌ಗೆ ಐನೂರು ರೂಪಾಯಿ ಸಿಗುತ್ತಿತ್ತು. ಅದೂ ಕೊನೆಯ ಅಸ್ತ್ರದಂಥ ಆ್ಯಂಟಿಬಯಾಟಿಕ್‌ಗಳಾದ ಮೆರೋಪೆನೆಮ್, ಕೊಲಿಸ್ಟಿನ್ ಎರಡೂ ಸೋತ ಮೇಲೆ ಕರೆಯೋರು.

ನಮ್ಮಲ್ಲಿ ಎನ್‌ಡಿಎಂ ಕ್ಲೆಬ್ಸಿಯೆಲ್ಲಾ ಜಾಸ್ತಿ, ಅಂದರೆ ಮೆರೋಪೆನೆಮ್‌ನಂಥ ಔಷಧಗಳನ್ನೂ ಮುರಿದುಹಾಕೋ ಎನ್‌ಡಿಎಂ ಅನ್ನೋ ಕಿಣ್ವ ಇರೋ ಬ್ಯಾಕ್ಟೀರಿಯಾ. ಅಜ್ಟ್ರಿಯೋನಾಮ್ ಅನ್ನೋ ಆ್ಯಂಟಿಬಯಾಟಿಕ್ ಅನ್ನು ಎನ್‌ಡಿಎಂ ಮುರಿಯಲ್ಲ, ಆದರೆ ಅದೇ ಬ್ಯಾಕ್ಟೀರಿಯಾದ ಬೇರೆ ಕಿಣ್ವಗಳು ಮುರಿಯುತ್ತವೆ; ಆ ಕಿಣ್ವಗಳನ್ನು ಅವಿಬ್ಯಾಕ್ಟಮ್ ತಡೆಯೋದರಿಂದ, ಜೊತೆಗೆ ಸೆಫ್ಟಾಜಿಡಿಮ್-ಅವಿಬ್ಯಾಕ್ಟಮ್ ಕೊಟ್ಟರೆ ಕೆಲಸ ಮಾಡುತ್ತೆ. ಆದರೆ ಆಗ ದಿನಕ್ಕೆ ಇಪ್ಪತ್ತು ಸಾವಿರದ ಆಸುಪಾಸು ಖರ್ಚು. ಅಡಿಕೆ ತೋಟ ಅಡವಿಟ್ಟು ಬಂದವರಿಗೆ ಸುಮ್ನೆ ಬರೆದುಕೊಡೋಕೆ ಆಗುತ್ತಾ? ಮೊದಲು ಲ್ಯಾಬ್‌ನಲ್ಲಿ ಕಣ್ಣಾರೆ ನೋಡಬೇಕು ಅಂತ ಹಠ ಹಿಡಿದೆ.

ಬ್ಯಾಕ್ಟೀರಿಯಾ ಬೆಳೆಸೋ ಅಗಾರ್ ತಟ್ಟೆ, ಅಂದರೆ ಮುಲ್ಲರ್ ಹಿಂಟನ್ ಪ್ಲೇಟ್ ಮೇಲೆ, ಈ ಎರಡು ಔಷಧ ಹೀರಿದ ಎರಡು ಪುಟ್ಟ ಕಾಗದದ ಬಿಲ್ಲೆ (ಡಿಸ್ಕ್) ಅಕ್ಕಪಕ್ಕ ಇಟ್ಟೆವು. ದೂರ ಆದರೆ ಏನೂ ಕಾಣಲ್ಲ, ತೀರಾ ಹತ್ತಿರ ಆದರೆ ಏನೂ ಅರ್ಥವಾಗಲ್ಲ. ಆಡಳಿತದವರು ದುಡ್ಡು ಕೊಡಲಿಲ್ಲ, ಡಿಸ್ಕ್‌ಗಳಿಗೇ ನನ್ನ ಕೈಯಿಂದ ಹದಿನೈದು ಸಾವಿರ ಹೋಗಿರಬೇಕು. "ಸಾರ್, ಇದೆಲ್ಲ ಪೇಪರ್‌ನಲ್ಲೇ ಚೆಂದ" ಅಂದರು ಟೆಕ್ನಿಷಿಯನ್. ಮಧ್ಯೆ ಫಾಸ್ಫೊಮೈಸಿನ್ ಅನ್ನೋ ಇನ್ನೊಂದು ಆ್ಯಂಟಿಬಯಾಟಿಕ್ ಜೊತೆಗೂ ಆಡಿ ನೋಡಿದೆ. ಕ್ಲೆಬ್ಸಿಯೆಲ್ಲಾದ ಹತ್ತಿರ ಅದನ್ನು ಮುರಿಯೋ ಕಿಣ್ವ ಇದ್ದೇ ಇರುತ್ತೆ, ಬಿಟ್ಟೆ. ಕೊಲಿಸ್ಟಿನ್ ಡಿಸ್ಕ್ ಅಂತೂ ನಂಬಲೇಬೇಡಿ, ಅಗಾರ್‌ನಲ್ಲಿ ಅದು ಸರಿಯಾಗಿ ಹರಡಲ್ಲ.

ಒಂದು ಬೆಳಿಗ್ಗೆ ಕಂಡಿತು. ಅಜ್ಟ್ರಿಯೋನಾಮ್ ಡಿಸ್ಕ್ ಅಂಚಿನವರೆಗೂ ದಟ್ಟವಾಗಿ ಬೆಳೆದಿದ್ದ ಕ್ಲೆಬ್ಸಿಯೆಲ್ಲಾ, ಪಕ್ಕದ ಡಿಸ್ಕ್‌ಗೆ ಎದುರಾದ ಕಡೆ ಮಾತ್ರ ಪೂರ್ತಿ ಮಾಯ. ಎಷ್ಟು ಮಿಲಿಮೀಟರ್ ಅಂತರ ಅನ್ನೋದನ್ನು ಇಲ್ಲಿ ಬರೆಯಲ್ಲ, ಲ್ಯಾಬ್‌ಗೆ ಬಂದರೆ ತೋರಿಸುತ್ತೇನೆ.

ಕಿಡ್ನಿ ಕಲ್ಲಿನ ಆಪರೇಷನ್ ಆದ ಮೇಲೆ ಸೆಪ್ಸಿಸ್‌ಗೆ (ಸೋಂಕಿನಿಂದ ಅಂಗಾಂಗಗಳೇ ಕೈಕೊಡೋ ಸ್ಥಿತಿಗೆ) ಹೋದ ಒಬ್ಬ ಅಮ್ಮನಿಗೆ, ಆ ಪ್ಲೇಟ್ ತೋರಿಸಿಯೇ ಮನೆಯವರನ್ನು ಒಪ್ಪಿಸಿದೆ. ಎರಡು ಔಷಧವೂ ಒಂದೇ ಹೊತ್ತಿಗೆ ರಕ್ತದಲ್ಲಿರಬೇಕು. ಒಂದು ಮುಗಿದ ಮೇಲೆ ಇನ್ನೊಂದು ಹಾಕಿದರೆ ದುಡ್ಡು ದಂಡ. ಹಾಗಾಗಿ ನರ್ಸ್ ಪಕ್ಕದಲ್ಲೇ ನಿಂತು ಜೊತೆಜೊತೆಗೆ ಹನಿಸಿದೆವು. ಮೂರನೇ ದಿನಕ್ಕೆ ಜ್ವರ ಇಳಿಯಿತು, ಬಿಪಿಗೆ ಕೊಡುತ್ತಿದ್ದ ನಾರ್‌ಅಡ್ರಿನಲಿನ್ ನಿಂತಿತು. ಆಮೇಲೆ 2024ರಲ್ಲಿ ಯುರೋಪ್‌ನವರು ಅಜ್ಟ್ರಿಯೋನಾಮ್-ಅವಿಬ್ಯಾಕ್ಟಮ್ ಒಂದೇ ವಯಲ್‌ನಲ್ಲಿ ಒಪ್ಪಿದರು. ಪ್ಲೇಟ್ ಮೇಲೆ ನಾವು ಮೊದಲೇ ನೋಡಿಯಾಗಿತ್ತು ಅಂತ ಹೇಳಿಕೊಳ್ಳೋಕೆ ನನಗೆ ಸಂಕೋಚವಿಲ್ಲ.

ಈಗ ಕನ್ಸಲ್ಟ್‌ಗೆ ಒಂದೂವರೆ ಸಾವಿರ, ಕರೆಯೋದೂ ಮೊದಲನೇ ದಿನವೇ. ಅಕ್ಕಪಕ್ಕದ ಊರುಗಳಿಂದಲೂ ಸ್ಯಾಂಪಲ್ ಬರುತ್ತೆ. ಒಂದೇ ವಿನಂತಿ: ಆ್ಯಂಟಿಬಯಾಟಿಕ್‌ನ ಮೊದಲ ಡೋಸ್‌ಗೆ ಮುಂಚೆಯೇ ಬ್ಲಡ್ ಕಲ್ಚರ್‌ಗೆ (ರಕ್ತದಲ್ಲಿರೋ ಬ್ಯಾಕ್ಟೀರಿಯಾ ಬೆಳೆಸಿ ನೋಡೋ ಪರೀಕ್ಷೆಗೆ) ರಕ್ತ ತೆಗೆದು ಕಳಿಸಿ, ಎರಡು ಬಾಟಲಿ ಆದರೆ ಇನ್ನೂ ಒಳ್ಳೇದು.