ಅರಿಜೋನಾಕ್ಕೆ ಬಂದಿಳಿದ ಕುಟುಂಬಗಳಿಗೆ: ಎಸ್‌ಬಿ 1070ರ ವಾದ-ವಿವಾದ ಮತ್ತು ಜೇಬಿನಲ್ಲಿರಬೇಕಾದ ಕಾಗದ

ಫೀನಿಕ್ಸ್, ಚಾಂಡ್ಲರ್, ಗಿಲ್ಬರ್ಟ್, ಟೆಂಪಿ ಊರುಗಳಿಗೆ ಹೊಸದಾಗಿ ಬರುವ ಕುಟುಂಬಗಳು ನಮ್ಮ ಕನ್ನಡ ಸಂಘದವರನ್ನು ಮೊದಲ ವಾರ ಕೇಳುವುದು ಬಾಡಿಗೆ ಮನೆ, ಮಕ್ಕಳ ಶಾಲೆ ಮತ್ತು ಸೋನಾ ಮಸೂರಿ ಅಕ್ಕಿಯ ಬಗ್ಗೆ. ತಿಂಗಳೊಪ್ಪತ್ತು ಕಳೆಯುವಷ್ಟರಲ್ಲಿ ಇನ್ನೊಂದು ಪ್ರಶ್ನೆ ತಗ್ಗಿದ ದನಿಯಲ್ಲಿ ಬರುತ್ತದೆ: "ಇಲ್ಲಿ ಪೊಲೀಸರು ದಾರಿಯಲ್ಲಿ ನಿಲ್ಲಿಸಿ ವೀಸಾ ಕೇಳುತ್ತಾರಂತೆ, ಹೌದೇ?" ಹೌದು ಅಥವಾ ಇಲ್ಲ ಎಂದು ಒಂದೇ ಮಾತಿನಲ್ಲಿ ಉತ್ತರಿಸಲು ಬಾರದ ಪ್ರಶ್ನೆ ಅದು. ಆದ್ದರಿಂದ ಆ ಮಾತು ಎಲ್ಲಿಂದ ಹುಟ್ಟಿತು ಎಂಬುದನ್ನು ಮೊದಲು ಹೇಳಿ, ಬಳಿಕ ನೀವು ಮಾಡಿಕೊಳ್ಳಬೇಕಾದ ಸಿದ್ಧತೆಗೆ ಬರುತ್ತೇವೆ.

ಕಾನೂನು ಬಂದ ಬಗೆ

2010ರ ಏಪ್ರಿಲ್ 23ರಂದು ಆಗಿನ ಗವರ್ನರ್ ಜ್ಯಾನ್ ಬ್ರೂವರ್ ಅವರು ಸೆನೆಟ್ ಮಸೂದೆ 1070ಕ್ಕೆ, ಅಂದರೆ ಎಸ್‌ಬಿ 1070ಕ್ಕೆ, ಸಹಿ ಹಾಕಿದರು. ಮೇಸಾದ ರಾಜ್ಯ ಸೆನೆಟರ್ ರಸೆಲ್ ಪಿಯರ್ಸ್ ಮುಂದೆ ನಿಂತು ತಂದ ಈ ಕಾನೂನು, ಕಟ್ಟುನಿಟ್ಟಿನ ಜಾರಿಯ ಮೂಲಕ ಅನಧಿಕೃತವಾಗಿ ನೆಲೆಸಿರುವವರ ಸಂಖ್ಯೆ ಸವೆಯುತ್ತ ಹೋಗುವಂತೆ ಮಾಡುವುದೇ ತನ್ನ ಉದ್ದೇಶವೆಂದು ಮೊದಲ ಕಲಮಿನಲ್ಲಿಯೇ ಸಾರಿತ್ತು. ವಿದೇಶೀಯರು ನೋಂದಣಿಯ ಕಾಗದವನ್ನು ಜೊತೆಯಲ್ಲಿಟ್ಟುಕೊಳ್ಳದಿರುವುದು ರಾಜ್ಯದ ಅಪರಾಧವಾಯಿತು. ಪರವಾನಗಿಯಿಲ್ಲದೆ ಕೆಲಸ ಮಾಡುವುದು, ಅಷ್ಟೇ ಏಕೆ, ಕೆಲಸ ಹುಡುಕುವುದೂ ಅಪರಾಧವಾಯಿತು. ಗಡೀಪಾರಿಗೆ ಅರ್ಹವಾದ ತಪ್ಪು ಮಾಡಿದ್ದಾನೆಂದು ನಂಬಲು ಕಾರಣವಿದ್ದರೆ ವಾರಂಟ್ ಇಲ್ಲದೆಯೇ ಬಂಧಿಸುವ ಅಧಿಕಾರ ಪೊಲೀಸರಿಗೆ ಬಂತು. ಇವೆಲ್ಲಕ್ಕಿಂತ ಹೆಚ್ಚು ಮಾತಿಗೆ ಗುರಿಯಾದದ್ದು ಕಲಂ 2(ಬಿ). ಬೇರಾವುದೋ ಕಾರಣಕ್ಕೆ ತಡೆದ ವ್ಯಕ್ತಿ ಅಕ್ರಮವಾಗಿ ದೇಶದಲ್ಲಿದ್ದಾನೆಂಬ ಸಮಂಜಸವಾದ ಅನುಮಾನ ಬಂದರೆ ಪೊಲೀಸರು ಅವನ ವಲಸೆ ಸ್ಥಿತಿಯನ್ನು ವಿಚಾರಿಸಲೇಬೇಕು ಎಂಬ ಕಲಂ ಅದು.

ಕಾನೂನಿನ ಪರವಾಗಿದ್ದವರನ್ನೆಲ್ಲ ದ್ವೇಷದವರೆಂದು ತಳ್ಳಿಹಾಕುವುದು ಸರಿಯಲ್ಲ ಎಂಬುದು ನಮ್ಮ ಅಭಿಪ್ರಾಯ. ಮೆಕ್ಸಿಕೋ ಗಡಿ ದಾಟುವವರ ದೊಡ್ಡ ಪಾಲು ಆ ವರ್ಷಗಳಲ್ಲಿ ಅರಿಜೋನಾದ ಮರುಭೂಮಿಯಿಂದಲೇ ಬರುತ್ತಿತ್ತು. 2009ರ ಹಣಕಾಸು ವರ್ಷದಲ್ಲಿ ಟೂಸಾನ್ ವಲಯವೊಂದರಲ್ಲೇ ಗಡಿ ಗಸ್ತು ಪಡೆ ಎರಡು ಲಕ್ಷಕ್ಕೂ ಹೆಚ್ಚು ಮಂದಿಯನ್ನು ಹಿಡಿದಿತ್ತು. 2010ರ ಮಾರ್ಚ್‌ನಲ್ಲಿ ಗಡಿಯ ಬಳಿ ದನ ಸಾಕಿಕೊಂಡಿದ್ದ ಜಮೀನುದಾರರೊಬ್ಬರ ಕೊಲೆಯಾದಾಗ ಜನರ ಸಿಟ್ಟು ನೆತ್ತಿಗೇರಿತು. ಒಕ್ಕೂಟ ಸರ್ಕಾರ ತನ್ನ ಕಾನೂನನ್ನು ತಾನೇ ಜಾರಿಮಾಡುವುದಿಲ್ಲ, ಅದನ್ನೇ ನಾವು ಮಾಡಿದರೆ ತಪ್ಪೇನು ಎಂಬುದು ಅವರ ವಾದ. ವಿರೋಧಿಗಳ ಪ್ರಶ್ನೆ ಇನ್ನೂ ಸರಳವಾಗಿತ್ತು: ನಡೆದು ಹೋಗುವ ಮನುಷ್ಯನ ಬಳಿ ಕಾಗದ ಇದೆಯೋ ಇಲ್ಲವೋ ಎಂದು ಪೊಲೀಸರಿಗೆ ಅನುಮಾನ ಬರುವುದಾದರೂ ಯಾವುದರಿಂದ? ಸಹಿ ಹಾಕಿದ ದಿನ ಪತ್ರಕರ್ತರು ಇದನ್ನೇ ಕೇಳಿದಾಗ, ಅಕ್ರಮ ವಲಸಿಗ ನೋಡಲು ಹೇಗಿರುತ್ತಾನೆಂದು ತಮಗೆ ತಿಳಿಯದು ಎಂದು ಗವರ್ನರ್ ಅವರೇ ಉತ್ತರಿಸಿದರು. ಕಂದು ಮೈಬಣ್ಣ, ಇಂಗ್ಲಿಷಿನಲ್ಲಿ ತಡವರಿಕೆ, ಹಳೆಯ ಕಾರು ಎಂದು ಎಣಿಸುತ್ತ ಹೋದರೆ ಆ ಪಟ್ಟಿಯಲ್ಲಿ ನಮ್ಮವರೂ ಬಂದು ನಿಲ್ಲುತ್ತಾರೆ. ಜನಾಂಗದ ಆಧಾರದ ಅನುಮಾನಕ್ಕೆ ಕಡಿವಾಣ ಹಾಕಲು ಒಂದೇ ವಾರದಲ್ಲಿ ತಿದ್ದುಪಡಿ ತರಬೇಕಾಯಿತು. ಲಾಸ್ ಏಂಜಲೀಸ್‌ನಂಥ ನಗರಗಳು ಬಹಿಷ್ಕಾರ ಘೋಷಿಸಿದವು, ಸಮ್ಮೇಳನಗಳು ರದ್ದಾದವು, ಫೀನಿಕ್ಸ್ ಸನ್ಸ್ ಬ್ಯಾಸ್ಕೆಟ್‌ಬಾಲ್ ತಂಡ ಮೇ 5ರ ಪಂದ್ಯದಲ್ಲಿ 'ಲೋಸ್ ಸನ್ಸ್' ಎಂದು ಸ್ಪ್ಯಾನಿಷ್ ಮಾತು ಬೆರೆಸಿದ ಅಂಗಿ ತೊಟ್ಟು ಆಡಿತು. 2011ರ ನವೆಂಬರ್‌ನಲ್ಲಿ ಮತದಾರರು ಪಿಯರ್ಸ್ ಅವರನ್ನು ವಾಪಸ್ ಕರೆಸುವ ಚುನಾವಣೆಯಲ್ಲಿ ಸೋಲಿಸಿದರು.

ಜಾರಿಗೆ ಬರಬೇಕಿದ್ದ ಹಿಂದಿನ ದಿನ, ಅಂದರೆ 2010ರ ಜುಲೈ 28ರಂದು, ಒಕ್ಕೂಟ ನ್ಯಾಯಾಲಯದ ನ್ಯಾಯಾಧೀಶೆ ಸೂಸನ್ ಬೋಲ್ಟನ್ ಮುಖ್ಯ ಕಲಮುಗಳಿಗೆ ತಡೆ ನೀಡಿದರು. 2012ರ ಜೂನ್ 25ರಂದು ಸುಪ್ರೀಂ ಕೋರ್ಟ್, ನ್ಯಾಯಮೂರ್ತಿ ಆಂಥನಿ ಕೆನಡಿ ಬರೆದ ತೀರ್ಪಿನಲ್ಲಿ, ಕಾಗದ ಇಟ್ಟುಕೊಳ್ಳದ ಅಪರಾಧ, ಕೆಲಸದ ಅಪರಾಧ ಮತ್ತು ವಾರಂಟ್ ಇಲ್ಲದ ಬಂಧನ ಈ ಮೂರನ್ನೂ ಹೊಡೆದುಹಾಕಿ, ವಲಸೆಯ ವಿಷಯ ಒಕ್ಕೂಟ ಸರ್ಕಾರಕ್ಕೆ ಸೇರಿದ್ದೆಂದು ಹೇಳಿತು. 2(ಬಿ) ಮಾತ್ರ ಉಳಿಯಿತು. 2016ರ ರಾಜಿಯ ಭಾಗವಾಗಿ ರಾಜ್ಯದ ಅಟಾರ್ನಿ ಜನರಲ್ ಅದಕ್ಕೂ ಮೇರೆ ಹಾಕಿ, ವಲಸೆ ಸ್ಥಿತಿಯನ್ನು ವಿಚಾರಿಸುವುದಕ್ಕೆಂದೇ ಯಾರನ್ನೂ ಹೆಚ್ಚು ಹೊತ್ತು ತಡೆದು ನಿಲ್ಲಿಸಬಾರದು ಎಂಬ ಅಭಿಪ್ರಾಯ ನೀಡಿದರು.

ಚರ್ಚೆ ಅಲ್ಲಿಗೆ ಮುಗಿಯಲಿಲ್ಲ. 2024ರ ನವೆಂಬರ್‌ನಲ್ಲಿ ಅರಿಜೋನಾದ ಮತದಾರರು ಪ್ರಸ್ತಾವ 314ನ್ನು ದೊಡ್ಡ ಅಂತರದಿಂದ ಅಂಗೀಕರಿಸಿದರು. ಅಧಿಕೃತ ಪ್ರವೇಶದ್ವಾರ ಬಿಟ್ಟು ಬೇರೆಡೆ ಗಡಿ ದಾಟುವುದನ್ನು ರಾಜ್ಯದ ಅಪರಾಧವಾಗಿಸುವ ಅದರ ಭಾಗವು, ಟೆಕ್ಸಾಸಿನ ಎಸ್‌ಬಿ 4 ಅಥವಾ ಅಂಥದೇ ಬೇರೆ ರಾಜ್ಯದ ಕಾನೂನು ಸತತ 60 ದಿನ ಜಾರಿಯಲ್ಲಿದ್ದ ಮೇಲಷ್ಟೇ ಬಳಕೆಗೆ ಬರುವಂತೆ ಬರೆಯಲಾಗಿದೆ. ವಿಮಾನ ನಿಲ್ದಾಣದಲ್ಲಿ ಮುದ್ರೆ ಒತ್ತಿಸಿಕೊಂಡು ಬಂದ ನಮಗೆ ಆ ಭಾಗ ನೇರವಾಗಿ ತಾಗುವುದಿಲ್ಲ.

ಕಾರು ನಿಲ್ಲಿಸಿದಾಗ

ಮೇಲಿನ ಇತಿಹಾಸದಿಂದ ನಿಮಗೆ ಬೇಕಾದ ಸಾರ ಇಷ್ಟು. ವೇಗ ಮೀರಿದ್ದಕ್ಕೋ ಹಿಂದಿನ ದೀಪ ಉರಿಯದಿದ್ದಕ್ಕೋ ನಿಮ್ಮನ್ನು ತಡೆದ ಪೊಲೀಸರು, ಅನುಮಾನ ಬಂದರೆ ವಲಸೆ ಸ್ಥಿತಿಯನ್ನು ವಿಚಾರಿಸಬಹುದು. ಆದರೆ ಮಾನ್ಯವಾದ ಅರಿಜೋನಾ ಡ್ರೈವಿಂಗ್ ಲೈಸೆನ್ಸ್ ತೋರಿಸಿದವರು ಕಾನೂನುಬದ್ಧವಾಗಿ ಇದ್ದಾರೆಂದೇ ಭಾವಿಸಬೇಕು ಎಂದು ಅದೇ 2(ಬಿ) ಹೇಳುತ್ತದೆ. ಆದ್ದರಿಂದ ಭಾರತದ ಲೈಸೆನ್ಸಿನಲ್ಲೇ ತಿಂಗಳುಗಟ್ಟಲೆ ಕಾಲ ತಳ್ಳದೆ ಇಲ್ಲಿಯ ಲೈಸೆನ್ಸನ್ನು ತಡಮಾಡದೆ ಮಾಡಿಸಿಕೊಳ್ಳಿ. ಕಾರು ಓಡಿಸದವರು ರಾಜ್ಯದ ಗುರುತಿನ ಚೀಟಿಯನ್ನಾದರೂ ಪಡೆಯಿರಿ, ಅದಕ್ಕೂ ಅದೇ ಮಾನ್ಯತೆ ಇದೆ. ಪಕ್ಕದ ಮನೆಯ ಅಮೆರಿಕನ್ನರ ಹಳೆಯ ಲೈಸೆನ್ಸಿನ ಮೇಲೆ ಅವರಿಗೆ 65 ತುಂಬುವ ದಿನಾಂಕ ಅಚ್ಚಾಗಿರುವುದನ್ನು ನೋಡಿ ನೀವು ಬೆರಗಾಗಬಹುದು. ನಮ್ಮ ಲೈಸೆನ್ಸಿಗೆ ನಮ್ಮ ವಾಸದ ಅನುಮತಿಯಷ್ಟೇ ಆಯುಸ್ಸು.

ಊರಿನಲ್ಲಿ ಟ್ರಾಫಿಕ್ ಪೊಲೀಸರು ಕೈ ತೋರಿಸಿದರೆ ಗಾಡಿಯಿಂದಿಳಿದು, ಕಾಗದಗಳನ್ನು ಹಿಡಿದು ಸಾಹೇಬರ ಬಳಿಗೆ ನಾವೇ ನಡೆದು ಹೋಗುವುದು ಮರ್ಯಾದೆ. ಇಲ್ಲಿ ಹಾಗೆ ಇಳಿದರೆ ಅದು ಬೆದರಿಕೆಯಾಗಿ ಕಾಣುತ್ತದೆ. ಸೀಟಿನಲ್ಲೇ ಕುಳಿತು, ಎರಡೂ ಕೈ ಸ್ಟೀರಿಂಗ್ ಮೇಲಿಟ್ಟು, ಅವರು ಕೇಳಿದ ಮೇಲೆ "ಡ್ಯಾಶ್‌ಬೋರ್ಡಿನಿಂದ ತೆಗೆಯುತ್ತೇನೆ" ಎಂದು ಹೇಳಿಯೇ ಲೈಸೆನ್ಸ್, ನೋಂದಣಿ, ವಿಮೆಯ ಕಾಗದ ಕೊಡಿ. ವಲಸೆಯ ಬಗೆಗಿನ ಪ್ರಶ್ನೆಗಳಿಗೆ ಉತ್ತರಿಸದೆ ಸುಮ್ಮನಿರುವ ಹಕ್ಕು ನಿಮಗಿದೆ, ಸುಳ್ಳು ಹೇಳುವ ಹಕ್ಕಿಲ್ಲ. ಗಾಬರಿಯಲ್ಲೂ "ನಾನು ಸಿಟಿಜನ್" ಎಂಬ ಮಾತು ಬಾಯಿಂದ ಬರಕೂಡದು. ಆ ಒಂದು ಸುಳ್ಳು ಗ್ರೀನ್ ಕಾರ್ಡಿನ ದಾರಿಯನ್ನೇ ಶಾಶ್ವತವಾಗಿ ಮುಚ್ಚಬಲ್ಲದು. ಇದೇ ಕಾರಣಕ್ಕೆ ಲೈಸೆನ್ಸ್ ಕಚೇರಿಯ ಅರ್ಜಿಯಲ್ಲಿ ಮತದಾರರ ನೋಂದಣಿಯ ಪ್ರಶ್ನೆ ಬಂದಾಗ ಕೈ ತಡೆದು ಓದಿ, "ಬೇಡ" ಎಂದು ಗುರುತು ಮಾಡಿ. ಗ್ರೀನ್ ಕಾರ್ಡ್ ಇದ್ದವರಿಗೂ ಈ ಮಾತು ಅನ್ವಯಿಸುತ್ತದೆ.

ಐ-94 ಎಂಬ ಒಂದು ಹಾಳೆ

ಸುಪ್ರೀಂ ಕೋರ್ಟ್ ಹೊಡೆದುಹಾಕಿದ್ದು ರಾಜ್ಯದ ಕಲಮನ್ನು ಮಾತ್ರ. 18 ತುಂಬಿದ ವಿದೇಶೀಯರು ನೋಂದಣಿಯ ಪುರಾವೆಯನ್ನು ಸದಾ ಜೊತೆಯಲ್ಲಿಟ್ಟುಕೊಂಡಿರಬೇಕೆಂಬ ಒಕ್ಕೂಟದ ಕಾನೂನು ಅದಕ್ಕಿಂತ ಎಷ್ಟೋ ಹಳೆಯದು, ಈಗಲೂ ಇದೆ. ಗ್ರೀನ್ ಕಾರ್ಡ್ ಇಲ್ಲದ ನಮಗೆ ಆ ಪುರಾವೆಯೆಂದರೆ ಐ-94, ಅಂದರೆ ನಾವು ದೇಶದೊಳಗೆ ಬಂದದ್ದನ್ನೂ ಎಲ್ಲಿಯವರೆಗೆ ಇರಬಹುದೆಂಬುದನ್ನೂ ತೋರಿಸುವ ದಾಖಲೆ. ಅದನ್ನು ಗಡಿ ಇಲಾಖೆಯ ಜಾಲತಾಣದಿಂದ ಇಳಿಸಿಕೊಂಡು, ಅಚ್ಚು ಹಾಕಿಸಿ, ಪಾಸ್‌ಪೋರ್ಟಿನ ಮುಖಪುಟದ ಪ್ರತಿಯೊಂದಿಗೆ ಮಡಿಸಿ ಪರ್ಸಿನಲ್ಲಿಡಿ. ಮನೆ ಬದಲಿಸಿದರೆ 10 ದಿನದೊಳಗೆ ಹೊಸ ವಿಳಾಸವನ್ನು ಎಆರ್-11 ಅರ್ಜಿಯಲ್ಲಿ ತಿಳಿಸಬೇಕು, ಮತ್ತು ಇದು ಕುಟುಂಬದ ಪ್ರತಿಯೊಬ್ಬರ ಹೆಸರಿನಲ್ಲೂ ಆಗಬೇಕು. ಇಲ್ಲೇ 14 ತುಂಬುವ ಮಕ್ಕಳಿಗೆ 30 ದಿನದೊಳಗೆ ಮರುನೋಂದಣಿ ಮಾಡಿಸಿ ಬೆರಳಚ್ಚು ಕೊಡಿಸಬೇಕೆಂಬ ಹಳೆಯ ನಿಯಮವನ್ನು 2025ರ ಏಪ್ರಿಲ್‌ನಿಂದ ಗಂಭೀರವಾಗಿ ಜಾರಿಮಾಡಲಾಗುತ್ತಿದೆ.

ಆ ಹಾಳೆಯನ್ನು ಇಳಿಸಿಕೊಂಡಾಗ ಅದರ ಕೊನೆಯ ದಿನಾಂಕವನ್ನು ಕಣ್ಣಿಟ್ಟು ನೋಡಿ. ಎಚ್-1ಬಿ (ಪರಿಣತ ನೌಕರರ ಕೆಲಸದ ವೀಸಾ) ಅನುಮೋದನೆ ಮೂರು ವರ್ಷಕ್ಕಿದ್ದರೂ, ಪಾಸ್‌ಪೋರ್ಟ್ ಎರಡೇ ವರ್ಷದಲ್ಲಿ ಮುಗಿಯುವುದಾದರೆ ವಿಮಾನ ನಿಲ್ದಾಣದ ಅಧಿಕಾರಿ ಐ-94ನ್ನು ಪಾಸ್‌ಪೋರ್ಟಿನ ದಿನಾಂಕಕ್ಕೇ ಕತ್ತರಿಸುವುದುಂಟು. ಬಳಿಕ ಪಾಸ್‌ಪೋರ್ಟ್ ನವೀಕರಿಸಿದರೂ ಐ-94 ತಾನಾಗಿ ಬೆಳೆಯುವುದಿಲ್ಲ. ನಮ್ಮ ಸಂಘದಲ್ಲಿಯೇ ಒಬ್ಬರು, ಸಂಬಳ ಬರುತ್ತಿದೆ, ತೆರಿಗೆ ಕಟ್ಟುತ್ತಿದ್ದೇನೆ, ಎಲ್ಲ ಸರಿಯಿದೆ ಎಂದುಕೊಂಡು ನಾಲ್ಕು ತಿಂಗಳು ಹೀಗೆ ಕಳೆದು, ಹೆಂಡತಿಯ ಲೈಸೆನ್ಸ್ ನವೀಕರಿಸಲು ಹೋದ ದಿನ ಕೌಂಟರಿನಲ್ಲಿ ಸಂಗತಿ ತಿಳಿದು ಬೆವತರು. ಆ ನಾಲ್ಕು ತಿಂಗಳು ಅವರೂ ಅವರ ಮಕ್ಕಳೂ ಕಾನೂನಿನ ಲೆಕ್ಕದಲ್ಲಿ ಅನಧಿಕೃತರೇ. ಸಂಘದ ಊಟದ ಸಾಲಿನಲ್ಲಿ ನಿಂತು "ಆ ಇಲ್ಲೀಗಲ್ ಜನ" ಎಂದು ಹಗುರವಾಗಿ ಮಾತಾಡುವವರ ನಡುವೆ ಅವರೂ ತಟ್ಟೆ ಹಿಡಿದು ನಿಂತಿದ್ದರು. ಕೊನೆಯ ದಿನಾಂಕಕ್ಕೆ ಮೊದಲೇ ಹೊಸ ಪಾಸ್‌ಪೋರ್ಟಿನೊಂದಿಗೆ ಒಮ್ಮೆ ದೇಶದ ಹೊರಗೆ ಹೋಗಿ ಬರುವುದು ಅಥವಾ ವಕೀಲರ ಮೂಲಕ ವಿಸ್ತರಣೆಗೆ ಅರ್ಜಿ ಹಾಕುವುದು ಇದಕ್ಕಿರುವ ದಾರಿ. ಕೆಲಸ ಹೋದರೆ ಇಲ್ಲಿ ಉಳಿಯಲು ಸಿಗುವುದು ಹೆಚ್ಚೆಂದರೆ 60 ದಿನ, ಐ-94 ಅದಕ್ಕೂ ಮೊದಲೇ ಮುಗಿದರೆ ಅಷ್ಟೇ ದಿನ.

ಹೋಳಿಗೆ, ಚಕ್ಕುಲಿ ಮತ್ತು ಎಚ್-4

ಯುಗಾದಿ ಬಂತೆಂದರೆ ವಾಟ್ಸ್ಯಾಪ್ ಗುಂಪುಗಳಲ್ಲಿ ಕಾಯಿ ಹೋಳಿಗೆಗೆ ಇಷ್ಟು, ಬೇಳೆ ಹೋಳಿಗೆಗೆ ಇಷ್ಟು ಎಂದು ದರಪಟ್ಟಿ ಓಡಾಡುತ್ತದೆ. ಮಾಡುವ ಹೆಣ್ಣುಮಕ್ಕಳ ಕೈರುಚಿಯ ಬಗ್ಗೆ ನಮ್ಮದೇನೂ ತಕರಾರಿಲ್ಲ, ನಾವೂ ತರಿಸಿ ತಿಂದವರೇ. ಆದರೆ ಕೆಲಸದ ಪರವಾನಗಿಯಿಲ್ಲದ ಎಚ್-4 ವೀಸಾದವರು (ಎಚ್-1ಬಿ ನೌಕರರ ಗಂಡ ಅಥವಾ ಹೆಂಡತಿ, ಮಕ್ಕಳು) ಹಣಕ್ಕೆ ಅಡುಗೆ ಮಾಡಿಕೊಡುವುದು, ಮಕ್ಕಳನ್ನು ನೋಡಿಕೊಳ್ಳುವುದು, ಸಂಗೀತ ಪಾಠ ಹೇಳುವುದು ಇವೆಲ್ಲ ಅನಧಿಕೃತ ಉದ್ಯೋಗವೇ. ಎಸ್‌ಬಿ 1070ರ ಕೆಲಸದ ಕಲಂ ಉಳಿದಿದ್ದರೆ ಇದು ರಾಜ್ಯದ ಅಪರಾಧವೂ ಆಗುತ್ತಿತ್ತು. ಈಗಲೂ ಇದು ವೀಸಾ ಷರತ್ತಿನ ಉಲ್ಲಂಘನೆ. ಹಣ ಫೋನಿನಲ್ಲಿ ಬಂದಿದ್ದರೆ ಲೆಕ್ಕ ಎಲ್ಲೂ ಹೋಗಿರುವುದಿಲ್ಲ. ಗಂಡ ಅಥವಾ ಹೆಂಡತಿಯ ಗ್ರೀನ್ ಕಾರ್ಡ್ ಅರ್ಜಿ ನಿಗದಿತ ಹಂತ ದಾಟಿದವರಿಗೆ 2015ರಿಂದ ಎಚ್-4 ಪರವಾನಗಿಗೆ ಅರ್ಜಿ ಹಾಕುವ ಅವಕಾಶವಿದೆ. ಅದು ಕೈಗೆ ಬರುವವರೆಗೆ ಹೋಳಿಗೆಯನ್ನು ಹಂಚಿರಿ, ಮಾರಬೇಡಿ. ಹೋಟೆಲು ಅಥವಾ ಅಂಗಡಿ ತೆರೆಯುವವರು ಇನ್ನೊಂದನ್ನೂ ತಿಳಿದಿರಬೇಕು. 2008ರ ಜನವರಿಯಿಂದ ಅರಿಜೋನಾದಲ್ಲಿ ಹೊಸ ನೌಕರರೆಲ್ಲರ ಅರ್ಹತೆಯನ್ನು ಇ-ವೆರಿಫೈ ಎಂಬ ಒಕ್ಕೂಟ ಸರ್ಕಾರದ ಆನ್‌ಲೈನ್ ವ್ಯವಸ್ಥೆಯಲ್ಲಿ ತಾಳೆ ನೋಡುವುದು ಕಡ್ಡಾಯ. ಗೊತ್ತಿದ್ದೂ ಅನಧಿಕೃತರನ್ನು ನೇಮಿಸಿಕೊಂಡದ್ದು ಎರಡನೇ ಸಲ ಸಾಬೀತಾದರೆ ವ್ಯಾಪಾರದ ಪರವಾನಗಿಯೇ ಹೋಗುತ್ತದೆ.

ದಕ್ಷಿಣಕ್ಕೆ ಪ್ರವಾಸ ಮತ್ತು ಊರಿನಿಂದ ಬಂದ ಹಿರಿಯರು

ಟೂಸಾನ್‌ನಿಂದ ನೊಗಾಲೆಸ್ ಕಡೆಗೆ ಹೋಗುವ ಐ-19 ಹೆದ್ದಾರಿಯ ಫಲಕಗಳಲ್ಲಿ ದೂರ ಕಿಲೋಮೀಟರಿನಲ್ಲಿದೆ. ಮೈಲಿಗೆ ಇನ್ನೂ ಒಗ್ಗದ ಹೊಸಬರಿಗೆ ಅದೊಂದು ಸಂತೋಷ. ಅದೇ ರಸ್ತೆಯಲ್ಲಿ ಹಿಂದಿರುಗುವಾಗ ಟುಬ್ಯಾಕ್ ಊರಿನ ಉತ್ತರಕ್ಕೆ ಗಡಿ ಗಸ್ತು ಪಡೆಯ ತಪಾಸಣೆ ಠಾಣೆ ಸಿಗುತ್ತದೆ. ಟೂಮ್‌ಸ್ಟೋನ್, ಬಿಸ್ಬಿ ಕಡೆಯ ರಸ್ತೆಗಳಲ್ಲೂ, ಸ್ಯಾನ್ ಡಿಯಾಗೋಗೆ ಹೋಗುವ ಐ-8ರಲ್ಲೂ ಇಂಥವಿವೆ. ಗಡಿ ದಾಟದಿದ್ದರೂ ಎಲ್ಲ ಕಾರುಗಳೂ ಇಲ್ಲಿ ನಿಲ್ಲಬೇಕು, ಮತ್ತು ಕೇಳುವವರು ರಾಜ್ಯದ ಪೊಲೀಸರಲ್ಲ, ಒಕ್ಕೂಟದ ಅಧಿಕಾರಿಗಳು. ಅವರ ಮುಂದೆ ಡ್ರೈವಿಂಗ್ ಲೈಸೆನ್ಸ್ ಸಾಲುವುದಿಲ್ಲ. ಇಂಥ ಪ್ರವಾಸಕ್ಕೆ ಎಲ್ಲರ ಮೂಲ ಪಾಸ್‌ಪೋರ್ಟ್, ಐ-94 ಮತ್ತು ಐ-797 (ಅರ್ಜಿ ಅನುಮೋದನೆಯಾದ ಪತ್ರ) ಕಾಗದಗಳು ಕಾರಿನಲ್ಲಿರಲಿ.

ಅಪ್ಪ-ಅಮ್ಮ, ಅತ್ತೆ-ಮಾವ ಆರು ತಿಂಗಳಿಗೆಂದು ಬಂದಾಗ ಅವರ ಬಳಿ ಇಲ್ಲಿಯ ಲೈಸೆನ್ಸ್ ಇರುವುದಿಲ್ಲ, ಇಂಗ್ಲಿಷೂ ಅಷ್ಟಕ್ಕಷ್ಟೆ. ಬಿಸಿಲು ಇಳಿದ ಮೇಲೆ ಅವರು ಕಾಲುವೆಯ ದಂಡೆಯಲ್ಲಿ ವಾಕಿಂಗ್ ಹೊರಡುತ್ತಾರೆ, ಒಮ್ಮೊಮ್ಮೆ ದಾರಿ ತಪ್ಪುತ್ತಾರೆ, ಯಾರೋ ಕರೆ ಮಾಡಿ ಪೊಲೀಸರು ಬರುತ್ತಾರೆ; ಹೆಚ್ಚಿನ ಸಲ ಅವರು ಬರುವುದು ಮನೆ ಸೇರಿಸುವ ಸಹಾಯಕ್ಕೇ. ಹಿರಿಯರ ಐ-94, ಪಾಸ್‌ಪೋರ್ಟ್ ಪ್ರತಿ ಮತ್ತು ನಿಮ್ಮ ಫೋನ್ ನಂಬರು ಬರೆದ ಚೀಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಅವರ ಕೈಗೆ ಕೊಡಿ. ಎಲ್ಲಿಟ್ಟುಕೊಂಡಿದ್ದಾರೆಂದೂ ವಿಚಾರಿಸಿ. ಈ ಅಧ್ಯಾಯ ಬರೆದವನ ತಂದೆ ಪಂಚೆ ಬಿಟ್ಟು ಬೇರೆ ಉಟ್ಟವರಲ್ಲ, ಪಂಚೆಗೆ ಜೇಬಿರುವುದಿಲ್ಲ. ಕವರು ಎಲ್ಲಿ ಎಂದು ಕೇಳಿದರೆ, ಊರಿನಲ್ಲಿ ಸಂತೆಗೆ ಹೋಗುವಾಗ ದುಡ್ಡು ಇಟ್ಟುಕೊಳ್ಳುವಂತೆ, ಒಳಗಿನ ಪಟ್ಟಾಪಟ್ಟಿ ಚಡ್ಡಿಯ ಜೇಬಿನಲ್ಲಿ ಭದ್ರವಾಗಿ ಇಟ್ಟಿರುವುದಾಗಿ ಹೆಮ್ಮೆಯಿಂದ ಹೇಳಿದರು. ಬಂದೂಕು ಕಟ್ಟಿಕೊಂಡ ಪೊಲೀಸನೆದುರು ಪಂಚೆ ಎತ್ತಿ ಒಳಗೆ ಕೈ ಹಾಕುವುದು ಈ ದೇಶದಲ್ಲಿ ಎಂಥ ಅಪಾಯವೆಂದು ಅವರಿಗೆ ಬಿಡಿಸಿ ಹೇಳಲು ಒಂದು ಸಂಜೆಯೇ ಬೇಕಾಯಿತು. ಕವರು ಅಂಗಿಯ ಎದೆಯ ಜೇಬಿನಲ್ಲಿ, ಅಂಚು ಹೊರಗೆ ಕಾಣುವಂತೆ ಇರಲಿ.